ಕ್ಯಾಮೆರಾ ಜಾಸ್ತಿ ಜಾಣ ಆದರೆ ಕಷ್ಟ: ಸ್ಟಾಪ್‌ಮೋಷನ್ ಪ್ರಶ್ನೋತ್ತರ

ಕಳೆದ ತಿಂಗಳು ಇದೇ ಅಂಕಣದಲ್ಲಿ ಸ್ಟಾಪ್‌ಮೋಷನ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬೊಂಬೆಯನ್ನು ಕೂದಲೆಳೆಯಷ್ಟು ಜರುಗಿಸಿ ಒಂದು ಫೋಟೋ, ಮತ್ತೆ ಜರುಗಿಸಿ ಇನ್ನೊಂದು ಫೋಟೋ, ಕೊನೆಗೆ ಎಲ್ಲವನ್ನೂ ಸರಸರ ಓಡಿಸಿದರೆ ಬೊಂಬೆ ನಡೆಯುತ್ತದೆ, ಅಷ್ಟೇ. ಆಮೇಲೆ ಬಂದ ಪತ್ರಗಳಲ್ಲಿ ಬೊಂಬೆ ಬಗ್ಗೆ ಕೇಳಿದವರು ಇಬ್ಬರೇ. ಉಳಿದವರೆಲ್ಲ ಕ್ಯಾಮೆರಾ, ಕ್ಯಾಮೆರಾ, ಕ್ಯಾಮೆರಾ. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಸರ್, ನನ್ನ ಹತ್ತಿರ ಇರುವುದು ಫೋನ್ ಮಾತ್ರ. ಅದರಲ್ಲೇ ಮಾಡಬಹುದಾ, ಇಲ್ಲ ಕ್ಯಾಮೆರಾ ತಗೊಳ್ಳಲೇಬೇಕಾ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಧಾರಾಳವಾಗಿ ಮಾಡಬಹುದು. ಮೊದಲ ಆರು ತಿಂಗಳು ಫೋನಲ್ಲೇ ಮಾಡಿ, ದುಡ್ಡು ಉಳಿಸಿ. ಆದರೆ ಒಂದು ತಿಳಿದಿರಲಿ, ಫೋನ್ ಕ್ಯಾಮೆರಾ ತುಂಬಾ ಜಾಣ. ಪ್ರತಿ ಕ್ಲಿಕ್ಕಿಗೂ ಹೊಸದಾಗಿ ಲೆಕ್ಕ ಹಾಕುತ್ತದೆ. ಬೆಳಕು ಎಷ್ಟು, ಬಣ್ಣ ಹೇಗೆ, ಮುಖ ಎಲ್ಲಿ ಅಂತ. ಹುಟ್ಟುಹಬ್ಬದ ಫೋಟೋಗೆ ಇದು ಉಪಕಾರವೇ. ನಮಗೆ ಬೇಕಿರುವುದು ಒಂದರ ಹಾಗೇ ಇನ್ನೊಂದಿರುವ ಮುನ್ನೂರು ಫೋಟೋ. ಆದ್ದರಿಂದ ನಮಗೆ ಮೊಂಡ ಕ್ಯಾಮೆರಾ ಬೇಕು, ಒಮ್ಮೆ ಹೇಳಿದ್ದನ್ನು ಮಾಡಿಕೊಂಡು ಸುಮ್ನೆ ಇರುವಂಥದ್ದು.

ಫೋನನ್ನು ಮೊಂಡ ಮಾಡುವುದು ಹೇಗೆ? ಅದರ ಜೊತೆ ಬಂದ ಕ್ಯಾಮೆರಾ ಆ್ಯಪ್ ಬಿಡಿ. ಸ್ಟಾಪ್ ಮೋಷನ್ ಸ್ಟುಡಿಯೋ ಥರದ ಆ್ಯಪ್ ಹಾಕಿ, ಎಕ್ಸ್‌ಪೋಷರ್ (ಬೆಳಕಿನ ಲೆಕ್ಕ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಲೆಕ್ಕ) ಮೂರನ್ನೂ ಲಾಕ್ ಮಾಡಿ. ಅದರಲ್ಲಿ ಹಿಂದಿನ ಫ್ರೇಮ್ ಮಸುಕಾಗಿ ಈಗಿನದರ ಮೇಲೆ ಕಾಣುತ್ತದೆ, ಬೊಂಬೆಯನ್ನು ಎಷ್ಟು ಜರುಗಿಸಿದಿರಿ ಅನ್ನುವುದು ಕಣ್ಣಿಗೆ ಗೊತ್ತಾಗುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ನೂರನೇ ಫ್ರೇಮಿಗೆ ಅತ್ತೆ ಫೋನ್ ಮಾಡುತ್ತಾರೆ. ಸ್ಕ್ರೀನ್ ಮುಟ್ಟಿ ಕ್ಲಿಕ್ ಮಾಡಬೇಡಿ, ವಯರ್ ಇಯರ್‌ಫೋನಿನ ವಾಲ್ಯೂಮ್ ಬಟನ್ ಹಲವು ಫೋನುಗಳಲ್ಲಿ ಶಟರ್ ಆಗಿ ಕೆಲಸ ಮಾಡುತ್ತದೆ. ಇನ್ನೊಂದು ಕಿತಾಪತಿ ಇದೆ. ಎರಡು ಮೂರು ಲೆನ್ಸ್ ಇರುವ ಕೆಲವು ಫೋನುಗಳು, ನೀವು ಬೊಂಬೆಗೆ ಹತ್ತಿರ ಹೋದ ಕೂಡಲೇ ಕೇಳದೆಯೇ ಮ್ಯಾಕ್ರೋ ಲೆನ್ಸಿಗೆ ಹಾರಿಬಿಡುತ್ತವೆ. ಶಾಟ್ ಮಧ್ಯೆ ಹಾಗಾದರೆ ಮುಗಿಯಿತು, ಚೌಕಟ್ಟೇ ಬದಲಾಗುತ್ತದೆ. ಸೆಟ್ಟಿಂಗ್ಸಿನಲ್ಲಿ ಹುಡುಕಿ ಆಫ್ ಮಾಡಿ.

ಪ್ರಶ್ನೆ: ನಾನು ಹಳೇ ಡಿಎಸ್‌ಎಲ್‌ಆರ್‌ನಲ್ಲಿ ಮಾಡಿದ ಎಂಟು ಸೆಕೆಂಡಿನ ಚಿತ್ರ ಕಳಿಸಿದ್ದೇನೆ. ಎಲ್ಲ ಮ್ಯಾನ್ಯುಯಲ್‌ನಲ್ಲೇ ಇಟ್ಟಿದ್ದೆ, ಆದರೂ ದೀಪಾವಳಿ ಸೀರಿಯಲ್ ಸೆಟ್ ಥರ ಮಿಣಮಿಣ ಅಂತಿದೆ. ಯಾಕೆ?
– ಪುತ್ತೂರಿನ ಓದುಗ

ನೋಡಿದೆ. ಬೆಕ್ಕು ಚೆನ್ನಾಗಿದೆ, ಬಾಲ ಅಂತೂ ಸೂಪರ್. ಮಿಣಮಿಣಕ್ಕೆ ನಿಮ್ಮಲ್ಲಿ ಒಂದಲ್ಲ, ಮೂರು ಕಾರಣ ಸೇರಿಕೊಂಡಿವೆ ಅಂತ ನನ್ನ ಅಂದಾಜು. ಇದು ಎಲ್ಲರಿಗೂ ಬರುವ ಕಾಯಿಲೆ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೊದಲು ಲೆನ್ಸ್. ಅದರೊಳಗೆ ಬೆಳಕು ಬರುವ ಕಿಂಡಿಗೆ ಅಪರ್ಚರ್ ಅನ್ನುತ್ತಾರೆ, ಅದನ್ನು ಹಿಗ್ಗಿಸಿ ಕುಗ್ಗಿಸುವುದು ಪುಟ್ಟ ರೆಕ್ಕೆಗಳು, ಅಳತೆ ಎಫ್ ಸಂಖ್ಯೆ. ಮ್ಯಾನ್ಯುಯಲ್ ಮೋಡಿನಲ್ಲಿ ಎಫ್ 8 ಅಂತ ಇಟ್ಟರೆ ಆ ರೆಕ್ಕೆಗಳು ಎಫ್ 8ರಲ್ಲೇ ನಿಂತಿರುತ್ತವೆ ಅಂದುಕೊಂಡಿರುತ್ತೇವೆ. ಇಲ್ಲ. ಈಗಿನ ಲೆನ್ಸುಗಳಲ್ಲಿ ಅವು ಪೂರ್ತಿ ತೆರೆದಿರುತ್ತವೆ, ಕ್ಲಿಕ್ ಮಾಡಿದಾಗ ಮುಚ್ಚಿಕೊಂಡು ಎಫ್ 8ಕ್ಕೆ ಬಂದು, ಫೋಟೋ ಆದ ಮೇಲೆ ಮತ್ತೆ ತೆರೆಯುತ್ತವೆ. ಪ್ರತಿ ಸಲ ಒಂದೇ ಜಾಗಕ್ಕೆ ಬಂದು ನಿಲ್ಲುವುದಿಲ್ಲ. ಕೂದಲಷ್ಟು ಆಚೀಚೆ. ಒಂದು ಫೋಟೋದಲ್ಲಿ ಅದು ಯಾರಿಗೂ ಕಾಣಲ್ಲ. ಸೆಕೆಂಡಿಗೆ ಹನ್ನೆರಡು ಓಡಿಸಿದರೆ ಕಾಣುತ್ತದೆ. ಮದ್ದು ಏನೆಂದರೆ ಹಳೇ ಕಾಲದ ಮ್ಯಾನ್ಯುಯಲ್ ಲೆನ್ಸ್, ಮೈಮೇಲೆ ಅಪರ್ಚರ್ ಬಳೆ ಇರುವಂಥದ್ದು. ಬಳೆ ತಿರುಗಿಸಿದಲ್ಲಿ ರೆಕ್ಕೆ ನಿಲ್ಲುತ್ತದೆ, ಕ್ಯಾಮೆರಾಕ್ಕೆ ಅದರ ಮೇಲೆ ಅಧಿಕಾರವೇ ಇಲ್ಲ. ನಿಮ್ಮದು ಕ್ಯಾನನ್ ಬಾಡಿ, ಆದ್ದರಿಂದ ಹಳೇ ನಿಕಾನ್ ಲೆನ್ಸ್ ಹುಡುಕಿ. ಲೆನ್ಸಿನ ಬುಡದಿಂದ, ಫೋಟೋ ಹಿಡಿಯುವ ಸೆನ್ಸರ್‌ಗೆ ನಿಕಾನ್‌ನಲ್ಲಿ 46.5 ಮಿಲಿಮೀಟರ್ ದೂರ, ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ 44. ಮಧ್ಯೆ ಇರುವ ಎರಡೂವರೆ ಮಿಲಿಮೀಟರ್ ಜಾಗದಲ್ಲಿ ಒಂದು ಲೋಹದ ಉಂಗುರ ಕೂತರೆ ಲೆನ್ಸ್ ಸರಿಯಾಗಿ ಫೋಕಸ್ ಆಗುತ್ತದೆ. ಉಂಗುರದ ಒಳಗೆ ಗಾಜು ಇರಬೇಕಿಲ್ಲ. ಉಲ್ಟಾ ಮಾಡಲು ಹೋಗಬೇಡಿ, ನಿಕಾನ್ ಬಾಡಿಗೆ ಕ್ಯಾನನ್ ಲೆನ್ಸ್ ಹೀಗೆ ಕೂರುವುದಿಲ್ಲ. ನಿಕಾನ್‌ನಲ್ಲೂ ಹೆಸರಿನ ಕೊನೆಗೆ ಜಿ ಇರುವ ಲೆನ್ಸುಗಳಿಗೆ ಬಳೆ ಇಲ್ಲ, ಅಂಗಡಿಯವರು ಏನೇ ಹೇಳಲಿ.

ಹಳೇ ಲೆನ್ಸ್ ಸಿಗುವ ತನಕ ಒಂದು ಕಳ್ಳದಾರಿ. ಡೆಪ್ತ್ ಆಫ್ ಫೀಲ್ಡ್ ಪ್ರೀವ್ಯೂ ಬಟನ್ ಇದ್ದರೆ ಅದನ್ನು ಒತ್ತಿ ಹಿಡಿಯಿರಿ, ರೆಕ್ಕೆಗಳು ಮುಚ್ಚಿಕೊಳ್ಳುತ್ತವೆ. ಒತ್ತಿಕೊಂಡೇ ಲೆನ್ಸ್ ಬಿಚ್ಚುವ ಗುಂಡಿ ಒತ್ತಿ ಲೆನ್ಸನ್ನು ಒಂದು ಚೂರು ತಿರುಗಿಸಿ. ಕ್ಯಾಮೆರಾಕ್ಕೂ ಲೆನ್ಸಿಗೂ ಮಾತುಕತೆ ಬಂದ್, ರೆಕ್ಕೆ ಅಲ್ಲೇ ನಿಲ್ಲುತ್ತದೆ. ಲೆನ್ಸ್ ಮಾತ್ರ ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಇರುತ್ತದೆ, ಬಿದ್ದರೆ ನನ್ನನ್ನು ಬೈಯಬೇಡಿ.

ಎರಡನೆಯದು ಕರೆಂಟು. ನೀವು ಟೇಬಲ್ ಲ್ಯಾಂಪಿಗೆ ಹಳೇ ಫಿಲಮೆಂಟ್ ಬಲ್ಬ್ ಹಾಕಿದ್ದೀರಿ, ಹಳದಿ ಬೆಳಕಲ್ಲೇ ಗೊತ್ತಾಗುತ್ತದೆ. ಆ ಬಲ್ಬಿಗೆ ವೋಲ್ಟೇಜ್ ಶೇ 5ರಷ್ಟು ಇಳಿದರೆ ಬೆಳಕು ಶೇ 15ರಷ್ಟು ಇಳಿಯುತ್ತದೆ. ತೋಟದಲ್ಲಿ ಪಂಪು ಶುರುವಾಯಿತು, ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿತು, ನಿಮ್ಮ ಬೆಕ್ಕಿನ ಮೇಲೆ ಮೋಡ ಬಂತು. ಒಳ್ಳೆಯ ಎಲ್‌ಇಡಿ ಬಳಸಿ, ಆದಷ್ಟು ಬ್ಯಾಟರಿಯಲ್ಲಿ ಓಡುವಂಥದ್ದು. ಅಗ್ಗದ ಎಲ್‌ಇಡಿ ಬೇಡ, ಅದು ಕರೆಂಟಿನ ತಾಳಕ್ಕೆ ಸೆಕೆಂಡಿಗೆ 100 ಸಲ ಮಿಟುಕುತ್ತದೆ. ಇರುವುದು ಅದೊಂದೇ ಆದರೆ ಶಟರ್ ತೆರೆದಿರುವ ಸಮಯವನ್ನು ಕಾಲು ಸೆಕೆಂಡೋ ಅರ್ಧ ಸೆಕೆಂಡೋ ಇಡಿ. ಅಷ್ಟು ಹೊತ್ತಿನಲ್ಲಿ ಆ ಮಿಟುಕೆಲ್ಲ ಕಲಸಿ ಒಂದೇ ಆಗಿಬಿಡುತ್ತದೆ. ನೀವು ಸೆಕೆಂಡಿನ ಇನ್ನೂರನೇ ಒಂದು ಭಾಗ ಇಟ್ಟಿದ್ದೀರಿ, ಫೋಟೋ ಜೊತೆಗಿನ ಮಾಹಿತಿಯಲ್ಲಿ ನೋಡಿದೆ. ಯಾಕೆ ಅಷ್ಟು ಅವಸರ? ಬೊಂಬೆ ಎಲ್ಲೂ ಓಡಿಹೋಗಲ್ಲ ಅಲ್ವಾ.

ಮೂರನೆಯದು ನೀವೇ. ಫ್ರೇಮ್ 40ರಿಂದ 55ರವರೆಗೆ ಬೆಕ್ಕಿನ ಎಡಗಡೆ ಒಂದು ಬಿಳಿ ಹೊಳಪು ಬಂದು ಹೋಗುತ್ತದೆ. ಅದು ನಿಮ್ಮ ಬನಿಯನ್. ಕಪ್ಪು ಅಂಗಿ ಹಾಕಿ. ಕ್ಲಿಕ್ ಮಾಡುವಾಗ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲಿ, ಬೇಕಾದರೆ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಕಿಟಕಿ ಪೂರ್ತಿ ಮುಚ್ಚಿ, ಕಂಬಳಿಯಾದರೂ ಸರಿ.

ಆಮೇಲೆ ಸಾಫ್ಟ್‌ವೇರಿನಲ್ಲಿ ಸರಿ ಮಾಡಬಹುದು ಅಂತ ಯಾರಾದರೂ ಹೇಳುತ್ತಾರೆ. ಡಾವಿಂಚಿ ರಿಸಾಲ್ವ್‌ನ ದುಡ್ಡು ಕೊಟ್ಟು ಕೊಳ್ಳುವ ಆವೃತ್ತಿಯಲ್ಲಿ ಮಿಣಮಿಣ ತೆಗೆಯುವ ಡಿಫ್ಲಿಕರ್ ಇದೆ, ಸಣ್ಣಪುಟ್ಟದ್ದು ಹೋಗುತ್ತದೆ. ಬನಿಯನ್ ಹೋಗುವುದಿಲ್ಲ.

ಪ್ರಶ್ನೆ: ಬಜೆಟ್ ಕಡಿಮೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡರೆ ಮೋಸ ಹೋಗ್ತೀನಾ? ಏನು ನೋಡಿ ತಗೊಳ್ಳಲಿ?
– ಹುಬ್ಬಳ್ಳಿಯಿಂದ

ಸ್ಟಾಪ್‌ಮೋಷನ್‌ಗೆ ಹೊಸ ಕ್ಯಾಮೆರಾ ತಗೊಳ್ಳುವುದೇ ದಂಡ ಅಂತ ನನ್ನ ಅಭಿಪ್ರಾಯ. ಹೊಸ ಮಾಡೆಲ್‌ಗಳಿಗೆ ಜಾಸ್ತಿ ದುಡ್ಡು ಕೊಡುವುದು ಯಾತಕ್ಕೆ ಹೇಳಿ? ಓಡುವ ಹಕ್ಕಿಯ ಕಣ್ಣು ಹಿಡಿಯುವ ಆಟೋಫೋಕಸ್, ಸೆಕೆಂಡಿಗೆ 20 ಫೋಟೋ, ಕತ್ತಲಲ್ಲೂ ಕಾಣುವ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ತೋರುವ ಚುರುಕು. ಈ ಮೂರೂ ನಮಗೆ ಬೇಡ. ನಾವು ಫೋಕಸ್ ಕೈಯಲ್ಲಿ ಮಾಡಿ ಬಳೆಗೆ ಟೇಪ್ ಸುತ್ತುತ್ತೇವೆ, ಎರಡು ನಿಮಿಷಕ್ಕೊಂದು ಫೋಟೋ ತೆಗೆಯುತ್ತೇವೆ, ಐಎಸ್‌ಒ 100 ದಾಟುವುದಿಲ್ಲ.

ಬೇಕಾದ್ದು ಎರಡೇ. ಲೈವ್ ವ್ಯೂ ಇರಬೇಕು, ಅಂದರೆ ಲೆನ್ಸಿಗೆ ಕಾಣುವುದು ಕ್ಲಿಕ್ಕಿಗೆ ಮುಂಚೆಯೇ ಸ್ಕ್ರೀನಿನಲ್ಲಿ ಕಾಣಬೇಕು. ಯುಎಸ್‌ಬಿ ವಯರ್ ಹಾಕಿದಾಗ ಕಂಪ್ಯೂಟರಿನಿಂದ ಕ್ಯಾಮೆರಾ ಓಡಿಸುವಂತಿರಬೇಕು, ಲೈವ್ ವ್ಯೂ ಅಲ್ಲಿ ಕಾಣಬೇಕು. ಡ್ರ್ಯಾಗನ್‌ಫ್ರೇಮ್ ಅನ್ನುವ ಸಾಫ್ಟ್‌ವೇರ್ ಈ ಕೆಲಸದವರ ಕೈಯಲ್ಲಿ ಹೆಚ್ಚು ಕಾಣುತ್ತದೆ. ಅದು ಯಾವ ಯಾವ ಕ್ಯಾಮೆರಾದ ಜೊತೆ ಕೆಲಸ ಮಾಡುತ್ತದೆ ಎಂದು ಅವರೇ ಪಟ್ಟಿ ಹಾಕಿದ್ದಾರೆ. ಪಟ್ಟಿ ನೋಡದೆ ದುಡ್ಡು ಕೊಡಬೇಡಿ. ಕ್ಯಾನನ್ 600ಡಿ, 700ಡಿ ಸಾಕು. ಸ್ವಲ್ಪ ಜಾಸ್ತಿ ಇದ್ದರೆ 2008ರ 5ಡಿ ಮಾರ್ಕ್ 2, ವಯಸ್ಸಾಗಿದೆ, ಆದರೂ 21 ಮೆಗಾಪಿಕ್ಸೆಲ್.

ಶಟರ್ ಎಷ್ಟು ಓಡಿದೆ ಕೇಳಿ, ಆದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 5ಡಿ ಮಾರ್ಕ್ 2ಗೆ ಕಂಪನಿ ಹೇಳಿದ ಆಯಸ್ಸು ಒಂದೂವರೆ ಲಕ್ಷ ಕ್ಲಿಕ್. ಐದು ನಿಮಿಷದ ಚಿತ್ರಕ್ಕೆ ಸೆಕೆಂಡಿಗೆ 12ರಂತೆ 3,600 ಫೋಟೋ. ಹಾಳಾದದ್ದು, ಮತ್ತೆ ತೆಗೆದದ್ದು ಎಲ್ಲ ಸೇರಿ ಹತ್ತು ಸಾವಿರ ಅಂತಿಟ್ಟುಕೊಳ್ಳಿ. ಮದುವೆ ಫೋಟೋಗ್ರಾಫರ್ ನಾಲ್ಕು ಮದುವೆಯಲ್ಲಿ ಅಷ್ಟು ಮುಗಿಸುತ್ತಾನೆ. ನೋಡಲೇಬೇಕಾದ್ದು ಸೆನ್ಸರ್ ಮೇಲಿನ ಧೂಳು. ಅಪರ್ಚರ್ ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬೂದು ಚುಕ್ಕೆ ಕಂಡರೆ ಕ್ಲೀನ್ ಮಾಡಿಸಿಕೊಡಿ ಅನ್ನಿ.

ಮಿರರ್‌ಲೆಸ್, ಅಂದರೆ ಡಿಎಸ್‌ಎಲ್‌ಆರ್‌ನ ಹಾಗೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ, ಆಗಲ್ವಾ ಅಂತಲೂ ಕೇಳಿದ್ದೀರಿ. ಆಗುತ್ತದೆ. ಬೇಕಾದರೆ ಎಲೆಕ್ಟ್ರಾನಿಕ್ ಶಟರ್ ಹಾಕಿ, ಸವೆಯುವ ಭಾಗವೇ ಇಲ್ಲ. ಹಳೇ ಮ್ಯಾನ್ಯುಯಲ್ ಲೆನ್ಸ್ ಹಾಕಿದಾಗ ಕ್ಲಿಕ್ ಆಗದಿದ್ದರೆ ಗಾಬರಿ ಬೇಡ, ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಫೋಟೋ ತೆಗೆಯಲು ಬಿಡುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ.

ಪ್ರಶ್ನೆ: ದೊಡ್ಡ ದೊಡ್ಡ ಸ್ಟುಡಿಯೋದವರೂ ಫೋಟೋ ಕ್ಯಾಮೆರಾದಲ್ಲೇ ತೆಗೀತಾರಂತೆ, ನಿಜವಾ? ಸಿನಿಮಾ ಕ್ಯಾಮೆರಾ ಯಾಕಿಲ್ಲ?
– ಬೆಂಗಳೂರಿನ ಓದುಗರು

ನಿಜ. ಮುಂಚೆ ಎಲ್ಲ ಫಿಲ್ಮಿನಲ್ಲಿ ನಡೆಯುತ್ತಿತ್ತು. ಇಡೀ ದಿನ ಬೊಂಬೆ ಕುಣಿಸಿ, ರೀಲು ಲ್ಯಾಬಿಗೆ ಹೋಗಿ, ತೊಳೆದು ಬಂದ ಮೇಲೇ ಗೊತ್ತಾಗುವುದು, ಮಧ್ಯೆ ಒಂದು ಬಲ್ಬ್ ಮಂಕಾಗಿತ್ತು ಅಂತ. ಡಿಜಿಟಲ್ ಬಂದಾಗ ಆ ಕಾಯುವಿಕೆ ಹೋಯಿತು. ಬೊಂಬೆ ಫೋಟೋ ಫೋಟೋವಾಗಿಯೇ ಓಡುವುದರಿಂದ ನಮಗೆ ಸೆಕೆಂಡಿಗೆ 24 ಚಿತ್ರ ತೆಗೆಯುವ ಯಂತ್ರ ಬೇಕಾಗಿಲ್ಲ, ಒಂದೊಂದನ್ನೇ ಚೆನ್ನಾಗಿ ತೆಗೆಯುವ ಯಂತ್ರ ಸಾಕು.

ಲಂಡನ್ನಿನಲ್ಲಿ ತಯಾರಾದ, 2005ರಲ್ಲಿ ಬಂದ ‘ಕಾರ್ಪ್ಸ್ ಬ್ರೈಡ್’ ಹೀಗೆ ಡಿಜಿಟಲ್ ಫೋಟೋ ಕ್ಯಾಮೆರಾದಲ್ಲಿ ತೆಗೆದ ಮೊದಲ ಪೂರ್ಣಪ್ರಮಾಣದ ಸ್ಟಾಪ್‌ಮೋಷನ್ ಚಿತ್ರ. ಕ್ಯಾನನ್ 1ಡಿ ಮಾರ್ಕ್ 2, ಬರೀ 8 ಮೆಗಾಪಿಕ್ಸೆಲ್. ಈಗ ನಿಮ್ಮ ಜೇಬಿನಲ್ಲಿರುವ ಫೋನಿನಲ್ಲಿ ಅದಕ್ಕಿಂತ ಜಾಸ್ತಿ ಇದೆ. ಆ ಕ್ಯಾನನ್ ಬಾಡಿಗಳಿಗೆ ಹಾಕಿದ್ದು ನಿಕಾನ್ ಲೆನ್ಸ್! ಪುತ್ತೂರಿನವರಿಗೆ ಹೇಳಿದ ಅದೇ ಬಳೆಯ ವಿಷಯ. ಆ ಕ್ಯಾಮೆರಾದಲ್ಲಿ ಲೈವ್ ವ್ಯೂ ಇರಲಿಲ್ಲ, ಹಾಗಾಗಿ ಕಣ್ಣಿಡುವ ಕಿಂಡಿಗೆ ಪುಟ್ಟ ವಿಡಿಯೋ ಕ್ಯಾಮೆರಾ ಸಿಕ್ಕಿಸಿ, ಅದರ ಚಿತ್ರ ನೋಡಿಕೊಂಡು ಬೊಂಬೆ ಜರುಗಿಸಿದರು. ಆಮೇಲೆ 2009ರ ‘ಫೆಂಟಾಸ್ಟಿಕ್ ಮಿಸ್ಟರ್ ಫಾಕ್ಸ್’ ನಿಕಾನ್ ಡಿ3ಯಲ್ಲಿ ಆಯಿತು. ಅದೇ ವರ್ಷದ ‘ಕೊರಲೈನ್’ 3ಡಿ ಚಿತ್ರ, ಆದರೆ ಎರಡು ಕ್ಯಾಮೆರಾ ಅಕ್ಕಪಕ್ಕ ಇಡಲಿಲ್ಲ. ಒಂದೇ ಕ್ಯಾಮೆರಾದಲ್ಲಿ ಎಡಗಣ್ಣಿನ ಫೋಟೋ ತೆಗೆದು, ಅದನ್ನೇ ಸ್ವಲ್ಪ ಪಕ್ಕಕ್ಕೆ ಜಾರಿಸಿ ಬಲಗಣ್ಣಿನ ಫೋಟೋ. ಬೊಂಬೆ ಅಲ್ಲಾಡದೆ ಕಾಯುತ್ತದಲ್ಲ, ಆ ಸೌಲಭ್ಯ ನಟ ನಟಿಯರಲ್ಲಿ ಎಲ್ಲಿ ಸಿಗಬೇಕು.

ಪ್ರಶ್ನೆ: ಚನ್ನಪಟ್ಟಣದ ಬೊಂಬೆ ಇಟ್ಟು ಮಕ್ಕಳ ಕತೆ ಮಾಡುತ್ತಿದ್ದೇವೆ. ಬೊಂಬೆ ಮೇಲೆ ಟ್ಯೂಬ್‌ಲೈಟು, ಕಿಟಕಿ, ನನ್ನ ಮುಖ ಎಲ್ಲ ಕಾಣುತ್ತೆ. ಪೌಡರ್ ಹಚ್ಚಿ ನೋಡಿದೆ, ಬೆರಳಚ್ಚು ಮೂಡಿತು.
– ಗೃಹಿಣಿ, ರಾಮನಗರ

ಅಮ್ಮಾ, ಪೌಡರ್ ಒರೆಸಿಬಿಡಿ. ಆ ಬೊಂಬೆಗಳನ್ನು ಹೊಳೆಯಲಿ ಅಂತಲೇ ಮಾಡಿರುವುದು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಹಿಡಿದುಕೊಳ್ಳುತ್ತದೆ, ಆಮೇಲೆ ಕೇದಗೆ ಗರಿಯಿಂದ ತಿಕ್ಕಿ ಮಿಂಚು ತರುತ್ತಾರೆ. ಮೇಲಾಗಿ ಎಲ್ಲ ಗುಂಡಗಿನ ಆಕಾರ. ಗುಂಡಗಿನ ಕನ್ನಡಿ ಇದ್ದ ಹಾಗೆ, ಇಡೀ ಕೋಣೆ ಅದರೊಳಗೆ.

ಹೊಳಪು ತೆಗೆಯಬೇಡಿ, ಹೊಳಪಿನಲ್ಲಿ ಏನು ಕಾಣಬೇಕು ಅನ್ನುವುದನ್ನು ನೀವು ತೀರ್ಮಾನಿಸಿ. ಟ್ಯೂಬ್‌ಲೈಟ್ ಆರಿಸಿ. ಒಂದೇ ದೀಪ ಇಟ್ಟು ಅದರ ಮುಂದೆ ದೊಡ್ಡ ಬಟರ್ ಪೇಪರ್ ಅಥವಾ ಒಂದು ಬಿಳಿ ಪಂಚೆ ತೂಗುಹಾಕಿ. ಆಗ ಬೊಂಬೆಯ ತಲೆ ಮೇಲೆ ಚೂಪಾದ ಚುಕ್ಕೆ ಹೋಗಿ ಮೆತ್ತಗಿನ ಬಿಳಿ ಪಟ್ಟಿ ಬರುತ್ತದೆ, ನೋಡಲು ಚೆಂದ. ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ ನಿಧಾನ ತಿರುಗಿಸುತ್ತಾ ಸ್ಕ್ರೀನ್ ನೋಡಿ. ಒಂದು ಕೋನದಲ್ಲಿ ಹೊಳಪು ಅರ್ಧಕ್ಕರ್ಧ ಇಳಿದು, ಕೆಳಗಿನ ಕೆಂಪು ಹಳದಿ ಗಾಢವಾಗಿ ಎದ್ದು ಬರುತ್ತದೆ. ಅಲ್ಲೇ ನಿಲ್ಲಿಸಿ ಟೇಪ್ ಹಾಕಿ. ಫಿಲ್ಟರ್ ಬೆಳಕು ತಿನ್ನುತ್ತದೆ, ಶಟರ್ ಸಮಯ ಹೆಚ್ಚಿಸಿದರೆ ಆಯಿತು. ನಿಮ್ಮ ಮುಖ ಕಾಣದ ಹಾಗೆ ಕ್ಯಾಮೆರಾದ ಸುತ್ತ ಕಪ್ಪು ಬಟ್ಟೆ ಕಟ್ಟಿ, ಮಧ್ಯೆ ಲೆನ್ಸಿನಷ್ಟು ತೂತು.

ಪ್ರಶ್ನೆ: ಶಾಟ್ ಮಧ್ಯೆ ಬ್ಯಾಟರಿ ಖಾಲಿಯಾಗುತ್ತೆ. ಪವರ್ ಬ್ಯಾಂಕ್ ಹಾಕಬಹುದಾ?
– ಉಡುಪಿಯ ಓದುಗ

ಈ ಪ್ರಶ್ನೆ ಓದಿ ನನ್ನ ಹಳೇ ಗಾಯ ಕೆದಕಿದ ಹಾಗಾಯಿತು. ಮಣ್ಣಿನ ಅಜ್ಜಿ ಕಾಫಿ ಲೋಟ ಎತ್ತಿ ಕುಡಿಯುವ ಶಾಟ್, ಹನ್ನೊಂದು ಸೆಕೆಂಡು, 132 ಫೋಟೋ. 96ನೆಯದಕ್ಕೆ ಬ್ಯಾಟರಿ ಸತ್ತಿತು. ಬೇರೆ ಬ್ಯಾಟರಿ ಚಾರ್ಜ್ ಆಗಿ ಪಕ್ಕದಲ್ಲೇ ಇತ್ತು, ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಆದರೆ ಬ್ಯಾಟರಿ ಬಾಗಿಲು ಕ್ಯಾಮೆರಾದ ಹೊಟ್ಟೆಯಲ್ಲಿ. ಹೊಟ್ಟೆಗೆ ಟ್ರೈಪಾಡಿನ ಪ್ಲೇಟು. ಕ್ಯಾಮೆರಾ ಬಿಚ್ಚದೆ ಬಾಗಿಲು ತೆಗೆಯುವ ಹಾಗಿಲ್ಲ. ಬಿಚ್ಚಿ, ಹಾಕಿ, ಎಷ್ಟು ಸರಿ ಮಾಡಿದರೂ ಎಂಟನೇ ಸೆಕೆಂಡಿಗೆ ಅಜ್ಜಿಯ ಮನೆ ಅರ್ಧ ಇಂಚು ಪಕ್ಕಕ್ಕೆ ಹಾರುತ್ತದೆ. ನೋಡಿದವರೆಲ್ಲ ಭೂಕಂಪ ಆಯ್ತಾ ಅಂತ ಕೇಳಿದರು. ಕೊನೆಗೆ ಅಜ್ಜಿ ಆ ಕ್ಷಣಕ್ಕೆ ಸೀನುವ ಹಾಗೆ ಧ್ವನಿ ಹಾಕಿ ಮುಚ್ಚಿಹಾಕಿದೆ.

ಡಮ್ಮಿ ಬ್ಯಾಟರಿ ತಗೊಳ್ಳಿ. ನೋಡಲು ಬ್ಯಾಟರಿಯಂತೆಯೇ, ಒಳಗೆ ಏನೂ ಇಲ್ಲ, ವಯರ್ ಹೊರಗೆ ಬಂದು ಗೋಡೆಯ ಪ್ಲಗ್ಗಿಗೆ ಹೋಗುತ್ತದೆ. ತೀರಾ ಅಗ್ಗದ್ದು ಬೇಡ. ನಾನು ಮೊದಲು ತಂದದ್ದು ಲೈವ್ ವ್ಯೂ ಹಾಕಿದ ಕೂಡಲೇ ಕ್ಯಾಮೆರಾವನ್ನೇ ಆರಿಸುತ್ತಿತ್ತು, ಅಷ್ಟು ಕರೆಂಟ್ ಕೊಡುವ ತಾಕತ್ತು ಅದಕ್ಕಿರಲಿಲ್ಲ. ಪವರ್ ಬ್ಯಾಂಕಿಗೆ ಹಾಕುವ ಡಮ್ಮಿಯೂ ಸಿಗುತ್ತದೆ, ಕರೆಂಟ್ ಹೋಗುವ ಊರಿಗೆ ಅದೇ ಒಳ್ಳೆಯದು. ಕ್ಯಾಮೆರಾ ತಾನಾಗಿ ಆಫ್ ಆಗುವ ಆಯ್ಕೆ ತೆಗೆದುಹಾಕಿ. ಲೆನ್ಸ್ ಮೇಲಿನ ಸ್ಟೆಬಿಲೈಸರ್ ಕೂಡ ಆಫ್, ಅದು ಅಲುಗದ ಟ್ರೈಪಾಡ್ ಮೇಲೂ ಏನಾದರೂ ಅಲುಗುತ್ತಿದೆಯಾ ಅಂತ ಹುಡುಕುತ್ತಾ ಚೌಕಟ್ಟು ಜರುಗಿಸುತ್ತದೆ. ಟ್ರೈಪಾಡ್ ಕಾಲು ಮೂರನ್ನೂ ಗ್ಲೂ ಗನ್ನಿನಿಂದ ನೆಲಕ್ಕೆ ಅಂಟಿಸಿ, ಮಧ್ಯದ ಕೊಕ್ಕೆಗೆ ಐದು ಕಿಲೋ ಮರಳಿನ ಚೀಲ. ಮನೆಯವರು ಕೇಳಿದರೆ ಆಮೇಲೆ ಕೆರೆದು ತೆಗೀತೀನಿ ಅನ್ನಿ.

ಪ್ರಶ್ನೆ: ರಾ ತೆಗೆಯಲಾ, ಜೆಪೆಗ್ ತೆಗೆಯಲಾ?
– ಕಲಬುರಗಿ

ಜೆಪೆಗ್. ರಾ ಅಂದರೆ ಕ್ಯಾಮೆರಾ ಏನೂ ತಿದ್ದದೆ ಕೊಡುವ ಕಚ್ಚಾ ಫೈಲ್, ಜೆಪೆಗ್ ಅಂದರೆ ತಿದ್ದಿ, ಕುಗ್ಗಿಸಿ ಕೊಡುವ ಸಣ್ಣ ಫೈಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ನಿಮಿಷದ ಚಿತ್ರಕ್ಕೆ 720 ರಾ ಫೈಲ್ ತೆಗೆದರೆ 20 ಜಿಬಿ ಹತ್ತಿರ ಹೋಗುತ್ತದೆ. ಬಣ್ಣ ತುಂಬಾ ತಿದ್ದುವವರಿಗೆ, ಆಮೇಲೆ ಹಿನ್ನೆಲೆ ಬದಲಿಸಲು ಹಸಿರು ಪರದೆ ಹಾಕುವವರಿಗೆ ಮಾತ್ರ ರಾ ಬೇಕು.

ಪ್ರಶ್ನೆ: ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ಪೀರಿಯಡ್‌ನಲ್ಲಿ ತೋರಿಸುವಂಥದ್ದು ಏನಾದರೂ ಹೇಳಿ.
– ಶಿಕ್ಷಕಿ, ಧಾರವಾಡ

ಪೀರಿಯಡ್ ಸಾಲದು ಮೇಡಂ, ಎರಡು ದಿನ ಕೊಡಿ, ಆದರೆ ನೀವು ಕೂರಬೇಕಾಗಿಲ್ಲ. 1912ರ ಸುಮಾರಿಗೆ ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ಮಾಡುವ ಮುಂಚೆ, ಹಣ ಹಾಕುವವರಿಗೆ ತೋರಿಸಲು ಕುಂಡದಲ್ಲಿ ಬಟಾಣಿ ಗಿಡ ಬೆಳೆಯುವುದನ್ನು ದಿನಕ್ಕೊಂದು ಫ್ರೇಮ್‌ನಂತೆ ಹಿಡಿದಿದ್ದರು. ನಾವು ಅಷ್ಟು ದಿನ ಕಾಯುವುದು ಬೇಡ, ಹೆಸರುಕಾಳು ತಗೊಳ್ಳೋಣ.

ರಾತ್ರಿ ನೆನೆಸಿದ ಕಾಳನ್ನು ಒದ್ದೆ ಕಪ್ಪು ಬಟ್ಟೆಯ ಮೇಲೆ ಹರಡಿ. ಹಸಿರು ಸಿಪ್ಪೆ, ಬಿಳಿ ಮೊಳಕೆ ಎರಡೂ ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ಕ್ಯಾಮೆರಾ ಮೇಲಿನಿಂದ ಕೆಳಗೆ ನೋಡುವ ಹಾಗೆ ಕಟ್ಟಿ, ಹತ್ತು ನಿಮಿಷಕ್ಕೊಂದು ಫೋಟೋ. ಹಲವು ಕ್ಯಾಮೆರಾಗಳಲ್ಲಿ ಇಂಟರ್‌ವಲ್ ಟೈಮರ್ ಒಳಗೇ ಇರುತ್ತದೆ, ಇಲ್ಲದಿದ್ದರೆ ವಯರ್ ಟೈಮರ್ ಸಿಗುತ್ತದೆ. ಎರಡು ದಿನಕ್ಕೆ 288 ಫೋಟೋ. ಸೆಕೆಂಡಿಗೆ 12ರಂತೆ ಓಡಿಸಿದರೆ 24 ಸೆಕೆಂಡ್. ಬಾಗಿಲು ಕಿಟಕಿ ಮುಚ್ಚಿದ ಸ್ಟೋರ್ ರೂಮ್ ಒಳ್ಳೆಯದು, ಒಂದು ಎಲ್‌ಇಡಿ ಹಗಲು ರಾತ್ರಿ ಉರಿಯಲಿ, ಇಲ್ಲದಿದ್ದರೆ ಚಿತ್ರದಲ್ಲಿ ಸೂರ್ಯ ಹುಟ್ಟಿ ಮುಳುಗುತ್ತಾನೆ. ನೀರನ್ನು ಕಾಳಿನ ಮೇಲೆ ಚಿಮುಕಿಸಬೇಡಿ, ಒಂದೊಂದು ಹನಿಗೂ ಕಾಳು ಹಾರಿ ಬೀಳುತ್ತದೆ. ಬಟ್ಟೆಯ ಒಂದು ತುದಿಯನ್ನು ಪಕ್ಕದ ನೀರಿನ ಬಟ್ಟಲಿಗೆ ಇಳಿಬಿಡಿ, ಬಟ್ಟೆ ತಾನೇ ನೀರು ಹೀರಿಕೊಳ್ಳುತ್ತದೆ. ಮೊದಲು ಕಾಳುಗಳು ಉಬ್ಬಿ ಒಂದನ್ನೊಂದು ತಳ್ಳುತ್ತವೆ, ಸಿಪ್ಪೆ ಬಿರಿಯುತ್ತದೆ, ಆಮೇಲೆ ಬಿಳಿ ಮೂತಿಗಳು ಹೊರಗೆ ಬಂದು ಬಟ್ಟೆಯ ಕಡೆಗೆ ಬಾಗುತ್ತವೆ. ಸ್ಟೋರ್ ರೂಮಿಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಏಳನೇ ಕ್ಲಾಸಿನವರು ಇಣುಕಿ ನೋಡದೆ ಇರಲ್ಲ.